‘ಯಾಕೆ?’ ಎಂದು ಅಂಚಿನಲ್ಲಿ ಬರೆಯುವವರು

1960ರ ದಶಕ, ಅಮೆರಿಕದ ಹ್ಯೂಸ್ಟನ್ ನಗರದ ಒಂದು ಹೋಟೆಲು. ನಾಸಾದಲ್ಲಿ ಗಣಿತಜ್ಞರಾಗಿದ್ದ ಎಮಿಟ್ ಫಿಶರ್ ಅಲ್ಲಿಗೆ ಒಂದು ತಾಂತ್ರಿಕ ಸಭೆಗೆಂದು ಬಂದಿದ್ದರು. ಮಧ್ಯಾಹ್ನ ತಟ್ಟೆ ಹಿಡಿದು ಊಟದ ಸಾಲಿನಲ್ಲಿ ನಿಂತಾಗ ಅಲ್ಲಿನ ಮ್ಯಾನೇಜರ್ ಬಂದವನೇ ಅವರ ಕೈಯಿಂದ ತಟ್ಟೆ ಕಸಿದುಕೊಂಡ. ಕಪ್ಪುಜನರಿಗೆ ಇಲ್ಲಿ ಬಡಿಸುವುದಿಲ್ಲವೆಂದು ಎಲ್ಲರೆದುರು ಕೂಗಿದ. ಫಿಶರ್ ಮೈಗೆ ಅವನ ಕೈ ತಾಗಲಿಲ್ಲ, ಗಾಯವೂ ಆಗಲಿಲ್ಲ. ಆದರೂ ಅವರು ಕೋರ್ಟಿಗೆ ಹೋದರು. 1967ರಲ್ಲಿ ಟೆಕ್ಸಸ್ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಕೈಯಲ್ಲಿ ಹಿಡಿದ ತಟ್ಟೆಗೂ ಮೈಗೂ ಅಷ್ಟು ಹತ್ತಿರದ ಸಂಬಂಧ. ಅದನ್ನು ಅವಮಾನವಾಗುವಂತೆ ಕಸಿದರೆ ಮೈಮೇಲೆ ಕೈಮಾಡಿದ ಹಾಗೆಯೇ ಎಂಬುದು ಆ ತೀರ್ಪಿನ ತಿರುಳು. ಅವಮಾನಕ್ಕೆ 400 ಡಾಲರ್, ದಂಡವಾಗಿ ಮತ್ತೆ 500 ಡಾಲರ್ ಅವರಿಗೆ ಸಂದಿತು.

ಅಲ್ಲಿನ ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದ ಟಾರ್ಟ್ (ಅಪಕೃತ್ಯ ಕಾನೂನು) ತರಗತಿಯಲ್ಲಿ ಓದುವ ಹೆಸರಾಂತ ಪ್ರಕರಣಗಳಲ್ಲಿ ಇದೂ ಒಂದು. ಓದುತ್ತಾರೆ, ಅಡಿಗೆರೆ ಎಳೆಯುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಹೀಗೊಂದು ಪ್ರಶ್ನೆ ಬಂತೆಂದುಕೊಳ್ಳಿ: ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವನ ಕೈಯಿಂದ ಇನ್ನೊಬ್ಬ ಛತ್ರಿ ಕಿತ್ತುಕೊಂಡ, ನಿಂತವನಿಗೆ ಕಾನೂನಿನಲ್ಲಿ ಏನು ದಾರಿ? ವಿದ್ಯಾರ್ಥಿ ಬರೆಯುತ್ತಾನೆ: ‘ಇದು ಹಲ್ಲೆ. ಫಿಶರ್ ಪ್ರಕರಣ ನೋಡಿ.’ ಅಷ್ಟೇ ಬರೆದು ಮುಂದಿನ ಪ್ರಶ್ನೆಗೆ ಹೋಗುತ್ತಾನೆ.

ಉತ್ತರ ಸರಿಯಾಗಿದೆ, ಪ್ರಕರಣದ ಹೆಸರೂ ಸರಿಯಾಗಿದೆ, ಆದರೆ ಅಂಕ ಮಾತ್ರ ಬರುವುದಿಲ್ಲ. ಹುಡುಗನಿಗೆ ಇದು ಅರ್ಥವಾಗುವುದಿಲ್ಲ, ತನ್ನ ತಲೆಯೇ ಸಾಲದು ಎಂದುಕೊಳ್ಳುತ್ತಾನೆ. ಅಂಥವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನ ಎರಡು ವಾಕ್ಯಗಳ ನಡುವಿನ ಖಾಲಿ ಜಾಗಕ್ಕೆ ಪೆನ್ಸಿಲ್ ಮುಟ್ಟಿಸಿ, ಅಂಚಿನಲ್ಲಿ ‘ಯಾಕೆ?’ ಎಂದು ಬರೆಯುವುದಕ್ಕಾಗಿಯೇ ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಒಂದು ವಿಭಾಗವಿದೆ. ಅಕಾಡೆಮಿಕ್ ಸಪೋರ್ಟ್ ಎಂದು ಅದರ ಹೆಸರು. ಅದರ ಮುಖ್ಯಸ್ಥರು ಮೊದಲ ವರ್ಷದವರ ಕೈ ಹಿಡಿಯುವುದರಿಂದ ಹಿಡಿದು, ಪದವಿ ಮುಗಿಸಿದವರು ವಕೀಲಿಕೆಯ ಸನ್ನದಿಗಾಗಿ ಬರೆಯುವ ಬಾರ್ ಪರೀಕ್ಷೆಯ ತಯಾರಿಯವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಉತ್ತರ ಕರ್ನಾಟಕದ ಒಂದು ಕಾನೂನು ಕಾಲೇಜಿನಲ್ಲಿ ಪಾಠ ಹೇಳುವ ನನಗೆ, ನಮ್ಮಲ್ಲಿ ತೀರಾ ಕೊರತೆಯಿರುವುದು ಈ ಕೆಲಸಕ್ಕೇ ಎಂದು ಅನ್ನಿಸಿ ವರ್ಷಗಳಾದವು.

ಆ ಛತ್ರಿಯ ಉತ್ತರವನ್ನು ಇನ್ನಷ್ಟು ಹತ್ತಿರದಿಂದ ನೋಡೋಣ. ‘ಯಾಕೆ?’ ಎಂದು ಕೇಳಿದ ಕೂಡಲೇ ವಿದ್ಯಾರ್ಥಿ ಬಾಯಿಬಿಡುತ್ತಾನೆ. ತಟ್ಟೆಯ ಹಾಗೆ ಛತ್ರಿಯೂ ಕೈಯಲ್ಲಿತ್ತು, ಕಿತ್ತುಕೊಂಡಾಗ ಕೈಯೇ ಜಗ್ಗಿದಂತಾಯಿತು, ಅದಕ್ಕೇ ಎನ್ನುತ್ತಾನೆ. ಒಳ್ಳೆಯದು, ಅದನ್ನು ಬರೆಯಪ್ಪ. ಆದರೆ ಫಿಶರ್‌ಗೆ ಆದದ್ದು ನಾಲ್ಕು ಜನರ ಮುಂದಿನ ಅವಮಾನ. ಇಲ್ಲಿ ಅವಮಾನ ಎಲ್ಲಿದೆ? ಕಿತ್ತುಕೊಂಡವನು ಗೆಳೆಯನಾಗಿದ್ದು ತಮಾಷೆಗೆ ಹಾಗೆ ಮಾಡಿದ್ದರೆ? ಅಪರಿಚಿತನಾಗಿದ್ದರೆ? ಸಾಮಾನ್ಯ ಮನುಷ್ಯನೊಬ್ಬನಿಗೆ ಅದು ನೋವಾಗುವಂಥ ವರ್ತನೆಯೇ? ಈ ಒಂದೊಂದು ‘ಆದರೆ’ಗೂ ಅಂಕವಿದೆ. ನಿಯಮವನ್ನು ಎಲ್ಲರೂ ಬರೆಯುತ್ತಾರೆ, ತೀರ್ಮಾನವನ್ನೂ ಬರೆಯುತ್ತಾರೆ. ನಿಯಮದಿಂದ ತೀರ್ಮಾನಕ್ಕೆ ಹೇಗೆ ನಡೆದು ಬಂದೆವು ಎಂಬುದನ್ನು ಹೆಜ್ಜೆ ಬಿಡದೆ ಬರೆಯುವುದೇ ವಕೀಲನ ಕಸುಬು. ಐರ್ಯಾಕ್ ಎಂದು ಅಲ್ಲಿನ ವಿದ್ಯಾರ್ಥಿಗಳು ಕರೆಯುವ ಸೂತ್ರವೂ ಇದೇ: ವಿವಾದ ಯಾವುದು, ನಿಯಮ ಏನು, ನಮ್ಮ ಸಂಗತಿಗೆ ಅದು ಹೇಗೆ ಹೊಂದುತ್ತದೆ, ಕೊನೆಗೆ ತೀರ್ಮಾನ. ನಾಲ್ಕರಲ್ಲಿ ಮೂರನೆಯದಕ್ಕೇ ಹೆಚ್ಚು ಅಂಕ, ವಿದ್ಯಾರ್ಥಿಗಳು ಹಾರಿಸುವುದೂ ಅದನ್ನೇ.

ತರಗತಿಯಲ್ಲಿ ಇದನ್ನು ಬಿಡಿಸಿ ಹೇಳುವುದಿಲ್ಲವೇ? ಹೆಚ್ಚಿನ ಕಡೆ ಇಲ್ಲ, ಅದಕ್ಕೆ ಹಳೆಯ ಕಾರಣವಿದೆ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಉಪನ್ಯಾಸದ ಪದ್ಧತಿ ಬಿಟ್ಟು ತೀರ್ಪುಗಳನ್ನೇ ಓದಿಸುವ ಪದ್ಧತಿ ತಂದರು. ಮೇಷ್ಟ್ರು ನಿಯಮವನ್ನು ಹೇಳಿಕೊಡುವುದಿಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾರೆ. ವಿದ್ಯಾರ್ಥಿ ತಾನೇ ನಿಯಮವನ್ನು ಹೆಕ್ಕಿಕೊಳ್ಳಬೇಕು. ಚುರುಕಾದ ಪದ್ಧತಿಯೇನೋ ಹೌದು. ಆದರೆ ತರಗತಿಯಲ್ಲಿ ನಡೆಯುವುದು ಮಾತಿನ ವರಸೆ, ಪರೀಕ್ಷೆ ನಡೆಯುವುದು ಬರವಣಿಗೆಯಲ್ಲಿ. ಬಹುಕಾಲ ಇಡೀ ಸೆಮಿಸ್ಟರಿನ ಅಂಕವೆಲ್ಲ ಕೊನೆಯ ಒಂದೇ ಪರೀಕ್ಷೆಯ ಮೇಲೆ ನಿಂತಿತ್ತು. ಅಪ್ಪ ಅಮ್ಮ ವಕೀಲರಾಗಿದ್ದವರಿಗೆ ಆ ಪರೀಕ್ಷೆ ಏನನ್ನು ಬೇಡುತ್ತದೆ ಎಂಬುದು ಊಟದ ಮೇಜಿನ ಮೇಲೆಯೇ ತಿಳಿಯುತ್ತಿತ್ತು. ಮನೆಯಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಹೇಳುವವರು ಯಾರೂ ಇರಲಿಲ್ಲ.

1960ರ ದಶಕದ ನಾಗರಿಕ ಹಕ್ಕುಗಳ ಹೋರಾಟದ ಬಳಿಕ ಕಪ್ಪು ವಿದ್ಯಾರ್ಥಿಗಳಿಗೆ ಕಾನೂನು ಶಾಲೆಗಳ ಬಾಗಿಲು ತೆರೆಯತೊಡಗಿದಾಗ ಈ ಅಂತರ ಕಣ್ಣಿಗೆ ರಾಚಿತು. ಹಿಂದುಳಿದ ಸಮುದಾಯಗಳ ಯುವಕರನ್ನು ಕಾನೂನು ಶಿಕ್ಷಣಕ್ಕೆ ಅಣಿಗೊಳಿಸಲು 1968ರಲ್ಲಿ ಕ್ಲಿಯೋ ಎಂಬ ಸಂಸ್ಥೆ ಹುಟ್ಟಿತು. ಕಾಲೇಜುಗಳೂ ನಿಧಾನವಾಗಿ ತಮ್ಮದೇ ಆಸರೆಯ ತರಗತಿಗಳನ್ನು ತೆರೆದವು. ಆದರೆ ಒಂದು ತಪ್ಪು ಆಯಿತು. ಆ ಕೋಣೆಗೆ ಹೋಗುವವರೆಂದರೆ ದಡ್ಡರು ಎಂಬ ಹಣೆಪಟ್ಟಿ ಅಂಟಿತು. ಬೇಕಾದವರೇ ಆ ಬಾಗಿಲು ತಟ್ಟಲು ಹಿಂಜರಿದರು. ಇಂದು ಒಳ್ಳೆಯ ವಿಭಾಗಗಳು ಮೊದಲ ವಾರವೇ ಎಲ್ಲರನ್ನೂ ಕರೆಯುತ್ತವೆ. ಮುಂದಿನ ಬೆಂಚಿನವರು, ಹಿಂದಿನ ಬೆಂಚಿನವರು ಎಂಬ ಭೇದವಿಲ್ಲ.

ಅಲ್ಲಿನ ಕ್ಯಾಲೆಂಡರು ಆಗಸ್ಟಿನಲ್ಲಿ ಶುರುವಾಗುತ್ತದೆ. ಮೊದಲು, ತೀರ್ಪು ಓದುವುದು ಹೇಗೆಂದು ಹೇಳಿಕೊಡುತ್ತಾರೆ: ಸಂಗತಿ ಎಲ್ಲಿ ಮುಗಿಯುತ್ತದೆ, ನ್ಯಾಯಾಧೀಶರು ತೀರ್ಮಾನಿಸಿದ್ದು ಯಾವುದು, ಹೋಗುತ್ತ ಹೋಗುತ್ತ ಆಡಿದ ಮಾತು ಯಾವುದು. ಅಕ್ಟೋಬರಿನ ಹೊತ್ತಿಗೆ ಇಡೀ ವಿಷಯವನ್ನು ತನ್ನದೇ ಮಾತಿನಲ್ಲಿ ಇಪ್ಪತ್ತು ಮೂವತ್ತು ಪುಟಕ್ಕೆ ಇಳಿಸುವ ಕೆಲಸ. ಸೀನಿಯರ್‌ಗಳ ನೋಟ್ಸ್ ಕೈಯಿಂದ ಕೈಗೆ ಸಾಗುವುದು ಅಲ್ಲೂ ಇದೆ, ನಮ್ಮ ಜೆರಾಕ್ಸ್ ಅಂಗಡಿಯ ಹಾಗೆ. ಬೇಡ, ನೀನೇ ಬರೆ ಎಂದು ಸಪೋರ್ಟ್ ವಿಭಾಗದವರು ಹಟ ಹಿಡಿಯುತ್ತಾರೆ. ಆ ಪುಟಗಳನ್ನು ಬರೆಯುವಾಗಲೇ ಕಲಿಕೆ ಆಗಿರುತ್ತದೆ. ಬೇರೆಯವರು ಅರೆದದ್ದನ್ನು ನುಂಗಿದರೆ ಪರೀಕ್ಷೆಯ ದಿನ ಮೈಗೂಡುವುದಿಲ್ಲ.

ಜನವರಿಯಲ್ಲಿ ಮೊದಲ ಸೆಮಿಸ್ಟರಿನ ಫಲಿತಾಂಶ. ಈ ಉದ್ಯೋಗದ ಅತ್ಯಂತ ನಾಜೂಕಾದ ತಿಂಗಳು ಅದು. ತನ್ನ ಊರಿನಲ್ಲಿ, ತನ್ನ ಕಾಲೇಜಿನಲ್ಲಿ ಸದಾ ಮೊದಲಿಗನಾಗಿದ್ದವನು ಇಲ್ಲಿ ಪಟ್ಟಿಯ ಕೆಳಗಿನ ಅರ್ಧದಲ್ಲಿ ಇರುತ್ತಾನೆ. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸಿ ಅಂಕ ಕೊಡುವ ಪದ್ಧತಿಯಲ್ಲಿ ಯಾರಾದರೂ ಅಲ್ಲಿರಲೇಬೇಕು. ಅದು ಬರೀ ಲೆಕ್ಕ. ಆದರೆ ಇಪ್ಪತ್ತಮೂರು ವರ್ಷದವನಿಗೆ ಅದು ಲೆಕ್ಕವಾಗಿ ಕಾಣುವುದಿಲ್ಲ, ತನ್ನ ಮೇಲಿನ ತೀರ್ಪಾಗಿ ಕಾಣುತ್ತದೆ. ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರೊನ್‌ಸನ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಇದು ನಿಮ್ಮ ಬುದ್ಧಿಶಕ್ತಿಯನ್ನು ಅಳೆಯುವ ಪರೀಕ್ಷೆ ಎಂದು ಹೇಳಿದಾಗ ಕಪ್ಪು ವಿದ್ಯಾರ್ಥಿಗಳ ಅಂಕ ಕುಸಿಯಿತು. ಅದೇ ಪ್ರಶ್ನೆಗಳನ್ನು ಹಾಗೆ ಹೇಳದೆ ಕೊಟ್ಟಾಗ ಚೆನ್ನಾಗಿ ಬರೆದರು. ತನ್ನ ಜನದ ಬಗ್ಗೆ ಲೋಕ ಆಡಿಕೊಳ್ಳುವ ಮಾತು ನಿಜವಾಗಿಬಿಟ್ಟರೆ ಎಂಬ ಅಳುಕೇ ಮನಸ್ಸಿನ ಒಂದು ಪಾಲನ್ನು ತಿಂದುಹಾಕುತ್ತದೆ. ಹಾಗಾಗಿ ಅನುಭವವುಳ್ಳ ಸಪೋರ್ಟ್ ಶಿಕ್ಷಕಿ ಜನವರಿಯಲ್ಲಿ ಬಂದವನಿಗೆ ‘ನೀನು ಎಲ್ಲಿ ವೀಕು’ ಎಂದು ಕೇಳುವುದಿಲ್ಲ. ‘ಉತ್ತರಪತ್ರಿಕೆ ತಂದಿದ್ದೀಯಾ? ಕೊಡು, ಒಟ್ಟಿಗೆ ಓದೋಣ’ ಎನ್ನುತ್ತಾಳೆ. ಮಾತು ಹುಡುಗನ ಮೇಲಿನಿಂದ ಕಾಗದದ ಮೇಲಕ್ಕೆ ಸರಿಯುತ್ತದೆ. ಇಷ್ಟು ಸಣ್ಣ ಬದಲಾವಣೆಗೆ ಎಷ್ಟು ಬಲವಿದೆಯೆಂಬುದನ್ನು ನಾನು ನನ್ನ ಸ್ಟಾಫ್ ರೂಮಿನಲ್ಲೇ ಕಂಡಿದ್ದೇನೆ.

ಮೂರನೆಯ ವರ್ಷ ಮುಗಿದ ಮೇಲೆ ಬಾರ್ ಪರೀಕ್ಷೆ. ಮೇ ತಿಂಗಳಲ್ಲಿ ಪದವಿ, ಜುಲೈ ಕೊನೆಯ ಮಂಗಳವಾರ, ಬುಧವಾರ ಪರೀಕ್ಷೆ. ನಡುವೆ ಹತ್ತು ವಾರ. 2011ರಲ್ಲಿ ಮಿಸ್ಸೂರಿ, ನಾರ್ತ್ ಡಕೋಟ ರಾಜ್ಯಗಳಲ್ಲಿ ಶುರುವಾದ ಏಕರೂಪದ ಪರೀಕ್ಷೆಯನ್ನು ಬರುಬರುತ್ತ ಬಹುಪಾಲು ರಾಜ್ಯಗಳು ಒಪ್ಪಿಕೊಂಡವು. ಮೊದಲ ದಿನ ಬರವಣಿಗೆ: ಅರ್ಧ ಗಂಟೆಗೊಂದರಂತೆ ಆರು ಪ್ರಬಂಧ, ಒಂದೂವರೆ ಗಂಟೆಯ ಎರಡು ಕಚೇರಿ ಕೆಲಸ. ಈ ಎರಡನೆಯದು ನನಗೆ ತುಂಬ ಇಷ್ಟವಾದದ್ದು. ಪತ್ರಗಳು, ಸಾಕ್ಷಿಯ ಹೇಳಿಕೆಗಳು ಇರುವ ಒಂದು ಫೈಲು, ಜೊತೆಗೆ ಬೇಕಾದ ಕಾಯಿದೆ ಮತ್ತು ತೀರ್ಪುಗಳನ್ನು ಅವರೇ ಕೊಡುತ್ತಾರೆ. ಬಾಯಿಪಾಠ ಏನೂ ಬೇಡ, ಹೊಸಬ ಜೂನಿಯರ್ ಸೀನಿಯರ್‌ಗೆ ಬರೆದುಕೊಡುವಂಥ ಟಿಪ್ಪಣಿ ಬರೆಯಬೇಕು. ಎರಡನೆಯ ದಿನ 200 ಬಹು ಆಯ್ಕೆ ಪ್ರಶ್ನೆ, ಆರು ಗಂಟೆ. ಒಂದು ಪ್ರಶ್ನೆಗೆ 1 ನಿಮಿಷ 48 ಸೆಕೆಂಡು. ಒಟ್ಟು 400ಕ್ಕೆ ನ್ಯೂಯಾರ್ಕಿನಲ್ಲಿ 266 ಬರಬೇಕು.

ಬಾರ್‌ಬ್ರಿ, ಥೀಮಿಸ್‌ನಂಥ ಖಾಸಗಿ ಕೋಚಿಂಗ್ ಸಂಸ್ಥೆಗಳು ಸಾವಿರಾರು ಡಾಲರ್ ಪಡೆದು ವಿಡಿಯೊ ಪಾಠ, ಪ್ರಶ್ನೆಭಂಡಾರ, ದಿನಚರಿ ಎಲ್ಲವನ್ನೂ ಕೊಡುತ್ತವೆ. ಹಾಗಾದರೆ ಕಾಲೇಜಿನ ಈ ವಿಭಾಗ ಮತ್ತೆ ಯಾಕೆ? ಕೋಚಿಂಗ್ ಸಂಸ್ಥೆಯ ದಿನಚರಿಯಲ್ಲಿ ಹಾಲು ಕುಡಿಯುವ ಮಗುವಿಗೆ ಜಾಗವಿಲ್ಲ, ರಾತ್ರಿ ಪಾಳಿಯ ಕೆಲಸಕ್ಕೆ ಜಾಗವಿಲ್ಲ, ಸಾಲದ ಕಂತಿಗೆ ಜಾಗವಿಲ್ಲ. ಸಪೋರ್ಟ್ ವಿಭಾಗದವರಿಗೆ ಪರೀಕ್ಷೆಗೆ ಕೂರುವ ಹುಡುಗಿ ಮೂರು ವರ್ಷದಿಂದ ಗೊತ್ತು. ಆಸ್ತಿ ಕಾನೂನಿನ ಪ್ರಶ್ನೆ ಬಂದರೆ ಅವಳು ಗಾಬರಿಯಾಗುತ್ತಾಳೆ ಎಂದು ಗೊತ್ತು. ಜುಲೈ ಮೊದಲ ವಾರದ ಅಣಕು ಪರೀಕ್ಷೆಯಲ್ಲಿ ಅಂಕ ಬಿದ್ದಾಗ ಅವಳು ಫೋನ್ ಎತ್ತುವುದಿಲ್ಲ ಎಂದೂ ಗೊತ್ತು. ಆಗ ಅವರೇ ಮತ್ತೆ ಮತ್ತೆ ಫೋನ್ ಮಾಡುತ್ತಾರೆ. ಬೇಸಿಗೆ ರಜೆಯಲ್ಲಿ ಬೇರೆ ಪ್ರಾಧ್ಯಾಪಕರು ಸಂಶೋಧನೆಗೆ ಹೋದಾಗ ಇವರು ಪ್ರಬಂಧ ತಿದ್ದುತ್ತ ಕೂತಿರುತ್ತಾರೆ. ಇಷ್ಟಾದರೂ ಎಷ್ಟೋ ಕಾಲೇಜುಗಳಲ್ಲಿ ಇವರದು ಕಾಯಂ ಪ್ರಾಧ್ಯಾಪಕರ ಸ್ಥಾನವಲ್ಲ, ಸಂಬಳವೂ ಕಡಿಮೆ. ಕೆಲಸದ ತೂಕಕ್ಕೂ ಅದಕ್ಕೆ ಸಿಗುವ ಮನ್ನಣೆಗೂ ಇಷ್ಟು ಅಂತರ ಇರಬಾರದಿತ್ತು.

ಓದುವ ರೀತಿಯ ಬಗ್ಗೆ ಇವರು ಹೇಳುವುದು ನಮ್ಮ ವಿದ್ಯಾರ್ಥಿಗಳ ಅಭ್ಯಾಸಕ್ಕೆ ತೀರಾ ಉಲ್ಟಾ. ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ 2006ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಕೆಲವರು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿ, ಪುಸ್ತಕ ಮುಚ್ಚಿಟ್ಟು, ನೆನಪಿದ್ದದ್ದನ್ನು ಬರೆದರು. ಐದು ನಿಮಿಷದ ಬಳಿಕ ಕೇಳಿದರೆ ಮತ್ತೆ ಮತ್ತೆ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದಿದ್ದರು. ಓದಿದ ಕೂಡಲೇ ‘ಎಲ್ಲ ಬಂತು’ ಅನ್ನಿಸುವುದು ಮೋಸ. ಮಯಾಮಿಯ ಫ್ಲಾರಿಡಾ ಇಂಟರ್‌ನ್ಯಾಷನಲ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಇಂಥ ಅಧ್ಯಯನಗಳನ್ನೇ ನೆಚ್ಚಿಕೊಂಡು ಲೂಯಿಸ್ ಶುಲ್ಜ್ ಅವರ ನೇತೃತ್ವದಲ್ಲಿ ತನ್ನ ಸಪೋರ್ಟ್ ವಿಭಾಗವನ್ನು ಕಟ್ಟಿತು. ಹೆಚ್ಚು ಹೆಸರುವಾಸಿಯಾದ ಕಾಲೇಜುಗಳನ್ನು ಹಿಂದಿಕ್ಕಿ 2015ರಿಂದೀಚೆಗೆ ಹಲವು ಸಲ ಫ್ಲಾರಿಡಾದ ಜುಲೈ ಪರೀಕ್ಷೆಯಲ್ಲಿ ಆ ಕಾಲೇಜಿನ ಪದವೀಧರರೇ ತೇರ್ಗಡೆಯ ಪ್ರಮಾಣದಲ್ಲಿ ಮೊದಲಿಗರಾದರು.

ಕಾಲೇಜುಗಳು ಇಷ್ಟು ಆಸ್ಥೆ ವಹಿಸುವುದರ ಹಿಂದೆ ಒಂದು ಕಟ್ಟುಪಾಡೂ ಇದೆ. ಅಮೆರಿಕನ್ ಬಾರ್ ಅಸೋಸಿಯೇಷನ್ 2019ರಲ್ಲಿ ಬಿಗಿಗೊಳಿಸಿದ ನಿಯಮದ ಪ್ರಕಾರ ಪರೀಕ್ಷೆಗೆ ಕೂತ ಪದವೀಧರರಲ್ಲಿ ಕನಿಷ್ಠ ಶೇ 75ರಷ್ಟು ಮಂದಿ ಎರಡು ವರ್ಷದೊಳಗೆ ಪಾಸಾಗಬೇಕು. ಇಲ್ಲದಿದ್ದರೆ ಕಾಲೇಜಿನ ಮಾನ್ಯತೆಗೇ ಕುತ್ತು. ಶುಲ್ಕ ಪಡೆದ ಮೇಲೆ ಹೊಣೆಯನ್ನೂ ಹೊರಬೇಕು ಎಂಬ ಈ ತತ್ವ ನನಗೆ ಒಪ್ಪಿಗೆ. ಆದರೆ ಅಪಾಯವೂ ಇದೆ. ಪ್ರಮಾಣ ಕಾಪಾಡಿಕೊಳ್ಳಲು ಹಿಂದುಳಿದವರನ್ನು ಮೊದಲೇ ಹೊರಹಾಕುವುದು ಅವರನ್ನು ಮೇಲೆತ್ತುವುದಕ್ಕಿಂತ ಸುಲಭ. 2020ರ ಅಂಕಿಅಂಶ ನೋಡಿ: ಮೊದಲ ಯತ್ನದಲ್ಲೇ ಪಾಸಾದ ಬಿಳಿಯರು ಶೇ 88, ಕಪ್ಪುಜನ ಶೇ 66. ಈ ಇಪ್ಪತ್ತೆರಡರ ಕಂದಕ ದಾಟಿಸುವುದಕ್ಕಲ್ಲದಿದ್ದರೆ ಸಪೋರ್ಟ್ ವಿಭಾಗ ಇದ್ದು ಏನು ಪ್ರಯೋಜನ?

ಈ ಪರೀಕ್ಷೆ ವಕೀಲರ ಯೋಗ್ಯತೆಯನ್ನು ಪೂರ್ತಿ ಅಳೆಯುತ್ತದೆಯೇ ಎಂಬ ಜಗಳ ಅಲ್ಲೂ ನಿಂತಿಲ್ಲ. ಸ್ಟ್ಯಾನ್‌ಫರ್ಡ್ ಕಾನೂನು ಶಾಲೆಯ ಡೀನ್ ಆಗಿದ್ದ, ಸಂವಿಧಾನ ಕಾನೂನಿನ ದೊಡ್ಡ ವಿದ್ವಾಂಸರಾದ ಕ್ಯಾಥ್ಲೀನ್ ಸಲಿವನ್ 2005ರಲ್ಲಿ ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಯಲ್ಲಿ ಫೇಲಾದರು, ಮುಂದಿನ ಯತ್ನದಲ್ಲಿ ಪಾಸಾದರು. ಮಿಶೆಲ್ ಒಬಾಮಾ ಕೂಡ ಮೊದಲ ಸಲ ಪಾಸಾಗಲಿಲ್ಲ. ವಿಸ್ಕಾನ್ಸಿನ್ ರಾಜ್ಯ ತನ್ನ ಎರಡು ಕಾನೂನು ಕಾಲೇಜುಗಳ ಪದವೀಧರರಿಗೆ ಪರೀಕ್ಷೆಯಿಲ್ಲದೆಯೇ ಸನ್ನದು ಕೊಡುತ್ತದೆ. ಆರೆಗನ್ 2024ರಲ್ಲಿ, ಅನುಭವಿ ವಕೀಲರ ಕೈಕೆಳಗೆ ಮಾಡಿದ ಕೆಲಸವನ್ನೇ ಪರಿಶೀಲಿಸಿ ಸನ್ನದು ಕೊಡುವ ದಾರಿ ತೆರೆಯಿತು. 2026ರ ಜುಲೈನಿಂದ ಕೆಲವು ರಾಜ್ಯಗಳು ಕೌಶಲಕ್ಕೆ ಹೆಚ್ಚು ಒತ್ತು ಕೊಡುವ ಹೊಸ ಮಾದರಿಯ ಪರೀಕ್ಷೆಗೆ ಹೊರಳುವುದೆಂದು ಗೊತ್ತುಮಾಡಿಕೊಂಡವು.

ಇನ್ನು ನಮ್ಮ ಕಡೆ ಬರುತ್ತೇನೆ. ನಮ್ಮಲ್ಲಿ ಅಖಿಲ ಭಾರತ ಬಾರ್ ಪರೀಕ್ಷೆ ಮೊದಲು ನಡೆದದ್ದು 2011ರ ಮಾರ್ಚ್ 6ರಂದು. ಅದನ್ನು ನಡೆಸುವ ಅಧಿಕಾರ ಭಾರತೀಯ ವಕೀಲರ ಪರಿಷತ್ತಿಗೆ ಇದೆಯೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಟಿಪ್ಪಣಿಯಿಲ್ಲದ ಬೇರ್ ಆಕ್ಟ್, ಅಂದರೆ ಕಾಯಿದೆಯ ಮೂಲಪಾಠವಷ್ಟೇ ಇರುವ ಪುಸ್ತಕ, ಒಯ್ಯಬಹುದು. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಬಂದರೆ ಪಾಸು. ಕನ್ನಡದಲ್ಲೂ ಬರೆಯಬಹುದು. ಅಮೆರಿಕದ ಪರೀಕ್ಷೆಯ ಮುಂದೆ ಇದು ಸಲೀಸೆಂದು ಹೇಳುವವರಿದ್ದಾರೆ. ಹಳ್ಳಿಯಿಂದ ಬಂದು, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬೇರ್ ಆಕ್ಟಿನ ಇಂಗ್ಲಿಷ್ ವಾಕ್ಯ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಹುಡುಕುತ್ತಿರುವವರನ್ನು ಕೇಳಿ ನೋಡಬೇಕು. ಪುಸ್ತಕ ತೆರೆದಿದ್ದರೂ ದಾರಿ ಗೊತ್ತಿಲ್ಲದವನಿಗೆ ಅದು ಕಾಡು.

2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಾಗ ನಮ್ಮ ವಿದ್ಯಾರ್ಥಿಗಳ ಸ್ಥಿತಿ ಇನ್ನಷ್ಟು ಬಯಲಾಯಿತು. 302 ಎಂದರೆ ಕೊಲೆ, 420 ಎಂದರೆ ವಂಚನೆ ಎಂದು ಉರುಹೊಡೆದವರು ಕಂಗಾಲಾದರು. ಕೊಲೆಯ ಶಿಕ್ಷೆ 103ಕ್ಕೆ ಹೋಗಿತ್ತು, ವಂಚನೆ 318ಕ್ಕೆ. ಆದರೆ ಪ್ರತಿಯೊಂದು ನರಹತ್ಯೆಯೂ ಯಾಕೆ ಕೊಲೆಯಲ್ಲ ಎಂದು ಕಾರಣ ಸಹಿತ ಬಿಡಿಸಬಲ್ಲವರಿಗೆ ಬದಲಾದದ್ದು ಬಾಗಿಲ ಮೇಲಿನ ನಂಬರು ಮಾತ್ರ.

ನಮ್ಮ ಕಾಲೇಜಿನ ಒಬ್ಬ ಹುಡುಗಿ ಎರಡು ವರ್ಷದ ಹಿಂದೆ ಉತ್ತರಪತ್ರಿಕೆಯ ನಕಲು ಹಿಡಿದು ಬಂದಳು. ‘ಸರ, ಎಲ್ಲಾ ಬರದೀನ್ರಿ. ಗೈಡಿನ್ಯಾಗ ಇದ್ದಿದ್ದು ಒಂದ್ ಅಕ್ಷರ ಬಿಟ್ಟಿಲ್ಲ. ಆದ್ರೂ ಮಾರ್ಕ್ಸ ಕೊಟ್ಟಿಲ್ಲ.’ ಬರೆದದ್ದೆಲ್ಲ ನಿಜವಾಗಿಯೂ ಇತ್ತು. ಸಮಸ್ಯೆ ಬಿಡಿಸಿ ಎಂಬ ಪ್ರಶ್ನೆಗೆ ಮೂರು ಪುಟ ವ್ಯಾಖ್ಯೆ, ಕಲಮುಗಳು, ಐದು ತೀರ್ಪುಗಳ ಹೆಸರು. ಪ್ರಶ್ನೆಯಲ್ಲಿದ್ದ ಮನುಷ್ಯರ ಹೆಸರು ಮಾತ್ರ ಆ ಮೂರು ಪುಟದಲ್ಲಿ ಒಂದು ಸಲವೂ ಬಂದಿರಲಿಲ್ಲ. ‘ನೋಡವ್ವಾ, ಇವರಿಬ್ಬರ ಜಗಳ ಏನಾತು? ನೀ ಅವರನ್ನ ಬಿಟ್ಟು ಬಂದೀ’ ಎಂದೆ. ಅವಳು ಬಹಳ ಹೊತ್ತು ಹಾಳೆಯನ್ನೇ ನೋಡುತ್ತ ಕೂತಳು. ಆಮೇಲೆ, ಇದನ್ನು ಯಾರೂ ಹೇಳಿರಲಿಲ್ಲ ಎಂದಳು. ನಾಲ್ಕು ವರ್ಷ ಪಾಠ ಹೇಳಿದ್ದ ನಾನೂ ಹೇಳಿರಲಿಲ್ಲ.

ಅಂದಿನಿಂದ ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಒಂದೂವರೆ ಗಂಟೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂರುತ್ತೇವೆ. ಯಾರು ಬೇಕಾದರೂ ಬರಬಹುದು, ಗೈಡ್ ಮಾತ್ರ ತರುವಂತಿಲ್ಲ. ಒಂದು ಸಮಸ್ಯೆ, ಒಂದು ಹಾಳೆ, ಒಂದು ಪೆನ್ಸಿಲ್. ಕನ್ನಡದಲ್ಲಿ ಬರೆಯುವವರು ಕನ್ನಡದಲ್ಲೇ ಬರೆಯುತ್ತಾರೆ. ಬರೆದದ್ದನ್ನು ಪಕ್ಕದವರು ಓದಿ, ಕಾರಣ ಬಿಟ್ಟುಹೋದಲ್ಲೆಲ್ಲ ಅಂಚಿನಲ್ಲಿ ‘ಯಾಕ?’ ಎಂದು ಗೀಚುತ್ತಾರೆ.

ಕಳೆದ ಬಾರಿ ಫಿಶರ್ ಅವರ ತಟ್ಟೆಯ ಕತೆ ಹೇಳಿ ಛತ್ರಿಯ ಪ್ರಶ್ನೆ ಕೊಟ್ಟೆ. ಜೊತೆಗೆ ನ್ಯಾಯ ಸಂಹಿತೆಯ 128ನೆಯ ಕಲಮು ತೆಗೆಯಿರಿ ಎಂದೆ. ಬಲಪ್ರಯೋಗದ ವ್ಯಾಖ್ಯೆ ಅದು. ಮೈಗೆ ತಾಗುವುದರ ಜೊತೆಗೆ ಮನುಷ್ಯ ತೊಟ್ಟಿರುವ ಅಥವಾ ಹಿಡಿದುಕೊಂಡಿರುವ ವಸ್ತುವಿಗೆ ತಾಗುವುದನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 1860ರ ಹಳೆಯ ದಂಡ ಸಂಹಿತೆಯ 349ರಲ್ಲೂ ಈ ಮಾತು ಇತ್ತು. ಟೆಕ್ಸಸ್ ಕೋರ್ಟು ತರ್ಕ ಮಾಡಿ ತಲುಪಿದ ಜಾಗಕ್ಕೆ ನಮ್ಮ ಸಂಹಿತೆ ನೂರು ವರ್ಷ ಮೊದಲೇ, ತನ್ನದೇ ದಾರಿಯಲ್ಲಿ ಬಂದಿತ್ತು ಎಂದಾಗ ಕೋಣೆಯಲ್ಲಿ ಸಣ್ಣ ಗುಸುಗುಸು ಎದ್ದಿತು. ಎಲ್ಲರೂ ಬರೆಯತೊಡಗಿದರು.

ಹಿಂದಿನ ಸಾಲಿನಲ್ಲಿ ಕೂರುವ, ಈವರೆಗೆ ಬಾಯೇ ಬಿಡದ ಹುಡುಗನೊಬ್ಬ ಅರ್ಧ ಪುಟ ಬರೆದು ಪೆನ್ಸಿಲ್ ಕೆಳಗಿಟ್ಟ. ಮುಗಿಯಿತೇ ಎಂದು ಕೇಳುವ ಮೊದಲೇ ಅವನು ತಲೆಯೆತ್ತಿ ಕೇಳಿದ:

‘ಸರ, ಛತ್ರಿ ಕೈಯಾಗ ಹಿಡದಿರ್ಲಿಲ್ಲ, ಬಾಜೂಕ ಗ್ವಾಡಿಗೆ ಆನಿಸಿ ಇಟ್ಟಿದ್ದಾ ಅಂದ್ರ? ಆವಾಗ ಏನ್ರಿ?’